ದೊಡ್ಡಾಕಿಗೆ ಹೇಳಬ್ಯಾಡ್ರಿ

ಹೋದ ತಿಂಗಳು ನನ್ನನ್ನು ಯಲ್ಲಾಪುರದಿಂದ ಶಿರಸಿಗೆ ಹದಿನೈದು ದಿನದ ತರಬೇತಿಗೆ ಕಳಿಸಿದರು. ಡಯಾಲಿಸಿಸ್ ವಿಭಾಗದ ತರಬೇತಿ. ಐದು ವರ್ಷದ ನೌಕರಿಯಲ್ಲಿ ಹೆರಿಗೆ ವಾರ್ಡು, ಮಕ್ಕಳ ವಾರ್ಡು, ತುರ್ತು ಚಿಕಿತ್ಸೆ ಎಂದು ಎಲ್ಲ ಕಡೆ ಕೆಲಸ ಮಾಡಿದ್ದೇನೆ. ಇದೊಂದನ್ನು ಮಾತ್ರ ಏನಾದರೊಂದು ನೆಪ ಹೇಳಿ ತಪ್ಪಿಸಿಕೊಳ್ಳುತ್ತ ಬಂದಿದ್ದೆ. ಈ ಸಲ ನೆಪಗಳು ಮುಗಿದಿದ್ದವು.

ಶಿರಸಿ ಹತ್ತಿರದ ಇಸಳೂರಿನಲ್ಲಿ ಜೊತೆಯ ಸಿಸ್ಟರ್ ಒಬ್ಬಳ ಮನೆಯಲ್ಲಿ ಉಳಿದುಕೊಂಡು, ಬೆಳಿಗ್ಗೆ ಅವಳ ಸ್ಕೂಟಿಯ ಹಿಂದೆ ಕೂತು ಆಸ್ಪತ್ರೆಗೆ ಹೋದೆ. ವಿಭಾಗದ ಬಾಗಿಲು ನೂಕಿದ ಕೂಡಲೇ ಆ ವಾಸನೆ ಬಂತು. ಯಂತ್ರದ ಫಿಲ್ಟರುಗಳನ್ನು ತೊಳೆಯುವ ದ್ರಾವಣದ ವಾಸನೆ ಅದು. ವಿನೆಗರಿನ ಹಾಗೆ ಹುಳಿ, ಆದರೆ ಅದಕ್ಕಿಂತ ಚೂಪು. ಉಳಿದವರು ಒಳಗೆ ಹೋದರು. ನಾನು ಚಪ್ಪಲಿ ಬಿಡುವ ನೆಪದಲ್ಲಿ ಬಾಗಿಲ ಹತ್ತಿರವೇ ಬಗ್ಗಿ ನಿಂತೆ. ಒಂಬತ್ತು ವರ್ಷದ ಹಿಂದೆ, ಒಂದು ಇಡೀ ವರ್ಷ, ವಾರಕ್ಕೆ ಎರಡು ಸಲ ಈ ವಾಸನೆ ನನ್ನ ಬಟ್ಟೆಗೆ ಹತ್ತಿಕೊಂಡು ನಮ್ಮ ಮನೆಯವರೆಗೂ ಬರುತ್ತಿತ್ತು.

ನಮ್ಮ ಊರು ಬನವಾಸಿ ಕಡೆ. ಅಪ್ಪನದು ಭತ್ತದ ಗದ್ದೆ, ಜೊತೆಗೆ ಅನಾನಸು. ನಾವು ಮೂವರು ಹೆಣ್ಣುಮಕ್ಕಳು. ನಾನು ಗಿರಿಜಾ, ಮೊದಲನೆಯವಳು. ಎರಡೂವರೆ ವರ್ಷಕ್ಕೆ ಸುಧಾ. ಆಮೇಲೆ ಬಹಳ ತಡವಾಗಿ ಚಿನ್ನಿ. ನನ್ನ ಹೆಸರನ್ನು ಮನೆಯಲ್ಲಿ ಯಾರೂ ಕರೆದದ್ದು ನೆನಪಿಲ್ಲ. ನಾನು ದೊಡ್ಡಾಕಿ. ಸುಧಾ ಹುಟ್ಟಿದ ಹನ್ನೆರಡನೇ ದಿನಕ್ಕೇ ಅವ್ವ ನನ್ನನ್ನು ಗೋಡೆಗೆ ಒರಗಿಸಿ ಕೂರಿಸಿ, ಕೂಸನ್ನು ನನ್ನ ತೊಡೆಯ ಮೇಲಿಟ್ಟು, "ಹಿಡಕೋ, ನೀ ದೊಡ್ಡಾಕಿ" ಎಂದಳಂತೆ. ಅಷ್ಟು ಸಣ್ಣವಳು ಅಲುಗಾಡದೆ ಒಂದು ತಾಸು ಕೂತಿದ್ದೆ ಎಂದು ಬಂದವರೆದುರಿಗೆಲ್ಲ ಹೇಳುತ್ತಿದ್ದಳು.

ಮನೆಯಲ್ಲಿ ಏನಾದರೂ ಒಡೆದರೆ, ಹಾಲು ಉಕ್ಕಿ ಹೋದರೆ, ಚಿನ್ನಿ ಎಡವಿ ಬಿದ್ದರೆ, ಯಾರು ಮಾಡಿದ್ದು ಎಂದು ಅವ್ವ ಕೇಳುತ್ತಿರಲಿಲ್ಲ. "ದೊಡ್ಡಾಕಿ, ನೋಡ್ಕೋಬಾರದಾ?" ಎನ್ನುತ್ತಿದ್ದಳು. ಹಾಗಾಗಿ ಕೇಳುವ ಮೊದಲೇ "ನನ್ನ ತಪ್ಪು" ಎನ್ನುವುದು ನನಗೆ ರೂಢಿಯಾಗಿತ್ತು. ಅದರಲ್ಲಿ ದುಃಖವೇನೂ ಇರಲಿಲ್ಲ. ಬಾಗಿಲಿಗೆ ಬಂದವರಿಗೆ ನೀರು ಕೊಡುವ ಹಾಗೆ ಅದೂ ಒಂದು ಕೆಲಸ.

ಅಜ್ಜಿಯ ಕಾಲಿನ ಹುಣ್ಣನ್ನು ತೊಳೆದು ಪಟ್ಟಿ ಕಟ್ಟುವುದು ನನ್ನ ಪಾಲಿಗೆ ಬಂದಾಗ ನಾನು ಏಳನೇ ಇಯತ್ತೆ. ಸುಧಾಳಿಗೆ ರಕ್ತ ಕಂಡರೆ ತಲೆ ಸುತ್ತುತ್ತಿತ್ತು. "ನಡುವಿನಾಕಿ ಮೆತ್ತಗ. ದೊಡ್ಡಾಕಿ ಗಟ್ಟಿ, ಆಕಿ ಕೈಗುಣ ಚಲೋ ಐತಿ" ಎಂದು ಅಜ್ಜಿ ಊರಿಗೆಲ್ಲ ಹೇಳಿದಳು. ನನಗೂ ವಾಸನೆಗೆ ವಾಕರಿಕೆ ಬರುತ್ತಿತ್ತು. ಹಿತ್ತಲಿಗೆ ಹೋಗಿ ಕಾರಿಕೊಂಡು, ಬಾಯಿ ತೊಳೆದುಕೊಂಡು ಬರುತ್ತಿದ್ದೆ. ಅದು ಯಾರಿಗೂ ಗೊತ್ತಿರಲಿಲ್ಲ. ಹುಟ್ಟಿದ ಸಾಲಿನ ಪ್ರಕಾರ ನಮ್ಮ ಮೂವರಿಗೂ ಗುಣಗಳನ್ನು ಹಂಚಿಯಾಗಿತ್ತು. ನನಗೆ ಬಂದದ್ದು ಗಟ್ಟಿತನ.

ಆದರೆ ನನ್ನ ಮನಸ್ಸು ಬೇರೆ ಕಡೆ ಇತ್ತು. ಹೈಸ್ಕೂಲಿನಲ್ಲಿ ಚರಿತ್ರೆ ಕಲಿಸುತ್ತಿದ್ದ ಮೇಷ್ಟ್ರು ಒಮ್ಮೆ ನಮ್ಮನ್ನು ಕೆರೆ ಏರಿಯ ಮೇಲಿದ್ದ ಶಾಸನದ ಕಲ್ಲಿನ ಹತ್ತಿರ ಕರೆದುಕೊಂಡು ಹೋಗಿ, ಸುಣ್ಣದ ಪುಡಿ ಸವರಿ, ಅಕ್ಷರ ಒಂದೊಂದೇ ಎದ್ದು ಬರುವುದನ್ನು ತೋರಿಸಿದ್ದರು. ಆ ಕಲ್ಲಿನ ಮೇಲೆ ನಾವು ದಿನವೂ ಬಟ್ಟೆ ಒಣಹಾಕುತ್ತಿದ್ದೆವು. ಅವತ್ತಿನಿಂದ ನನಗೆ ಚರಿತ್ರೆಯ ಹುಚ್ಚು. ಪಿಯುಸಿ ಮುಗಿದ ಮೇಲೆ ಶಿರಸಿ ಕಾಲೇಜಿನಲ್ಲಿ ಬಿ.ಎ. ಮಾಡಬೇಕು, ಆಮೇಲೆ ಧಾರವಾಡಕ್ಕೆ ಹೋಗಿ ಹಳೆಯ ಲಿಪಿ ಓದುವುದನ್ನು ಕಲಿಯಬೇಕು ಎಂದುಕೊಂಡಿದ್ದೆ. ಇದನ್ನು ಗಟ್ಟಿಯಾಗಿ ಹೇಳಿದ್ದು ಸುಧಾಳ ಹತ್ತಿರ ಮಾತ್ರ.

ಪಿಯುಸಿ ಫಲಿತಾಂಶ ಬಂದ ವಾರವೇ ಅವ್ವನ ಮುಖ ಊದಿಕೊಂಡಿತು. ಕಾಲು ಒತ್ತಿದರೆ ತಗ್ಗು ಬೀಳುತ್ತಿತ್ತು. ಹುಬ್ಬಳ್ಳಿಗೆ ಹೋಗಿ ತೋರಿಸಿದಾಗ ಎರಡೂ ಕಿಡ್ನಿ ಹೋಗಿವೆ ಎಂದರು. ಮಂಗಳವಾರ, ಶುಕ್ರವಾರ ಶಿರಸಿಯಲ್ಲಿ ಡಯಾಲಿಸಿಸ್ ಎಂದು ನಿಗದಿಯಾಯಿತು. ಯಾರಾದರೂ ಜೊತೆಗೆ ಹೋಗಬೇಕು. ಅಪ್ಪನಿಗೆ ಗದ್ದೆ. ಸುಧಾ ಆ ವರ್ಷ ಹತ್ತನೇ ಇಯತ್ತೆ. ಚಿನ್ನಿಗೆ ಒಂಬತ್ತು. ಈ ವಿಷಯದ ಬಗ್ಗೆ ನಮ್ಮ ಮನೆಯಲ್ಲಿ ಮಾತೇ ಆಗಲಿಲ್ಲ. ಸೋಮವಾರ ಸಂಜೆ ಅಪ್ಪ ಬಸ್ಸಿನ ವೇಳೆ ಕೇಳಿಕೊಂಡು ಬಂದು ನನಗೆ ಹೇಳಿದರು, ಅಷ್ಟೆ. ಕಾಲೇಜಿನ ಅರ್ಜಿ ಟ್ರಂಕಿನೊಳಗೆ ಉಳಿಯಿತು.

ಆ ವರ್ಷವೆಂದರೆ ನನಗೆ ಬೆಳಗಿನ ಮೊದಲ ಬಸ್ಸು. ಅವ್ವನನ್ನು ಕಿಟಕಿಯ ಕಡೆ ಕೂರಿಸುವುದು, ನಾಲ್ಕು ತಾಸು ಯಂತ್ರದ ಪಕ್ಕದ ಸ್ಟೂಲು, ತಿರುಗಿ ಬರುವಾಗ ಅವಳ ತಲೆ ನನ್ನ ಹೆಗಲ ಮೇಲೆ. ವಿಭಾಗದಲ್ಲಿ ಐರಿನ್ ಸಿಸ್ಟರ್ ಎಂಬ ಹಿರಿಯ ನರ್ಸ್ ಇದ್ದರು, ಯಲ್ಲಾಪುರದ ಕಡೆಯವರು. ಮೊದಲ ದಿನವೇ ನನ್ನನ್ನು ನೋಡಿ, "ಹಿರೀ ಮಗಳಾ?" ಎಂದು ಕೇಳಿದರು. ಹೌದು ಎಂದೆ. "ಗೊತ್ತಾಯ್ತು. ನಾನೂ ಏಳು ಮಕ್ಕಳಲ್ಲಿ ಹಿರಿಯವಳು. ಈ ಸ್ಟೂಲಿನ ಮೇಲೆ ಕೂರೋದು ಹೆಚ್ಚಾಗಿ ನಮ್ಮಂಥವರೇ ತಂಗೀ" ಎಂದರು. ನಾಡಿ ನೋಡುವುದು, ಬಿಪಿ ನೋಡುವುದು, ತೂಕ ಬರೆದಿಡುವುದು, ಯಂತ್ರದ ಸೂಜಿ ಚುಚ್ಚಲೆಂದು ಆಪರೇಷನ್ ಮಾಡಿ ಜೋಡಿಸಿದ್ದ ಕೈಯ ರಕ್ತನಾಳದ ಮೇಲೆ ಕಿವಿಯಿಟ್ಟು ಝುಂ ಎಂಬ ಸದ್ದು ಇದೆಯೇ ಎಂದು ಕೇಳುವುದು ಎಲ್ಲವನ್ನೂ ಅವರೇ ಕಲಿಸಿದರು. ನಾನು ಬೇಗ ಕಲಿತೆ. ಬೇಗ ಕಲಿತದ್ದೇ ತಪ್ಪಾಯಿತೇನೋ.

ಏಕೆಂದರೆ ಎಲ್ಲಕ್ಕಿಂತ ದೊಡ್ಡ ಕೆಲಸ ನೀರಿನದು. ಮೂತ್ರ ಹೋಗದ ಮೈಯೊಳಗೆ ಕುಡಿದ ನೀರೆಲ್ಲ ನಿಂತುಬಿಡುತ್ತದೆ. ದಿನಕ್ಕೆ ಮುಕ್ಕಾಲು ಲೀಟರು, ಸಾರು, ಚಹಾ, ಮಾತ್ರೆಯ ನೀರು ಎಲ್ಲ ಸೇರಿ. ಎಳನೀರು, ಹಣ್ಣು ಬೇಡವೇ ಬೇಡ, ಅವುಗಳಲ್ಲಿರುವ ಪೊಟ್ಯಾಸಿಯಂ ಎದೆಗೆ ಕೆಡುಕು. ಐರಿನ್ ಸಿಸ್ಟರ್ ಇದನ್ನು ಮೂರು ಸಲ ಹೇಳಿ, ನನ್ನ ಬಾಯಿಂದ ಒಂದು ಸಲ ಹೇಳಿಸಿದರು. ನಾನು ಒಂದು ಬಾಟಲಿಗೆ ಉಗುರುಬಣ್ಣದಿಂದ ಹೊತ್ತಿಗೊಂದು ಗೆರೆ ಎಳೆದು ಅವ್ವನ ನೀರು ಬೇರೆ ಇಟ್ಟೆ.

ಮಳೆಗಾಲ, ಚಳಿಗಾಲ ಹೇಗೋ ಕಳೆಯಿತು. ಬೇಸಿಗೆ ಬಂದಾಗ ಅವ್ವ ಬೇರೆಯೇ ಹೆಂಗಸಾದಳು. ಬಾಯಿ ಮುಕ್ಕಳಿಸುವ ನೆಪದಲ್ಲಿ ಬಚ್ಚಲಿಗೆ ಹೋಗಿ ನುಂಗುತ್ತಿದ್ದಳು. ನಾನು ಬಚ್ಚಲ ಬಾಗಿಲಲ್ಲಿ ನಿಲ್ಲತೊಡಗಿದೆ. "ಒಂದ ಗುಟುಕು" ಎಂದು ಕೈ ಹಿಡಿಯುತ್ತಿದ್ದಳು. "ಸಂಜಿಗೆ ಅವ್ವಾ" ಎನ್ನುತ್ತಿದ್ದೆ. ಯಂತ್ರದ ಮೇಲಿರುವ ಹೊತ್ತಿನಲ್ಲಿ ಒಂದು ಲೋಟ ಚಹಾಕ್ಕೆ ಮಾಫಿ ಇತ್ತು. ಕುಡಿದದ್ದು ಅಲ್ಲಿಯೇ ಹೊರಗೆ ಹೋಗುತ್ತದಲ್ಲ. ಪಕ್ಕದ ಹಾಸಿಗೆಯ ಸಿದ್ದಾಪುರದ ಹೆಗಡೇರು ತಮ್ಮ ಲೋಟ ಎತ್ತಿ, "ತಂಗಿ, ಮನೆಲಿ ಕೇಳಿರೆ ಕೊಡ್ತ್ವಿಲ್ಲೆ. ಆನು ಇಲ್ಲಿಗೆ ಬಪ್ಪದೇ ಚಾ ಕುಡಿಯಲೆ" ಎಂದು, ಮನೆಯಲ್ಲಿ ಸಿಗದ ಚಹಾಕ್ಕಾಗಿಯೇ ಆಸ್ಪತ್ರೆಗೆ ಬರುವವರ ಹಾಗೆ ಹೇಳಿ ಅವ್ವನನ್ನು ನಗಿಸುತ್ತಿದ್ದರು. ವಾರದಲ್ಲಿ ಆ ಎರಡು ಲೋಟಗಳಿಗಾಗಿಯೇ ಅವ್ವ ಬದುಕಿದ್ದಾಳೆ ಎನಿಸುತ್ತಿತ್ತು.

ಏಪ್ರಿಲ್ ಕೊನೆಯ ಒಂದು ಮಧ್ಯಾಹ್ನ ಅಂಗಳದಲ್ಲಿ ಅನಾನಸು ರಾಶಿ ಬಿದ್ದಿತ್ತು. ಮನೆ ತುಂಬ ಅದರ ಪರಿಮಳ. ನಾನು ಬಟ್ಟೆ ಒಗೆದು ಬಂದಾಗ ಚಿನ್ನಿ ಅವ್ವನ ಮಂಚದ ಹತ್ತಿರ ಕೂತು, ಹಣ್ಣಿನ ಹೋಳುಗಳನ್ನು ಒಂದೊಂದಾಗಿ ಅವಳ ಬಾಯಿಗೆ ಇಡುತ್ತಿದ್ದಳು. ಅವ್ವನ ಗದ್ದದಿಂದ ರಸ ಇಳಿಯುತ್ತಿತ್ತು. ಇಬ್ಬರೂ ನಗುತ್ತಿದ್ದರು. ನಾನು ಚಿನ್ನಿಯ ಕೆನ್ನೆಗೆ ಹೊಡೆದೆ. ಜೋರಾಗಿಯೇ ಹೊಡೆದೆ. ತಟ್ಟೆ ಉರುಳಿ ಹೋಯಿತು.

ಅವ್ವ ಕೂಸನ್ನು ಎಳೆದು ಮಗ್ಗುಲಿಗೆ ಹಾಕಿಕೊಂಡು, "ಈ ಕೂಸಿಗಿರೋ ಕರುಳು ನಿನಗಿಲ್ಲ. ನೀ ನನ್ನ ಮಗಳಲ್ಲ, ನರ್ಸಮ್ಮ" ಎಂದಳು.

ನಾನು ಅವಳ ಬಾಯಿಗೆ ಬೆರಳು ಹಾಕಿ ಕಕ್ಕಿಸಲೇ ಎಂದು ಯೋಚಿಸುತ್ತ ನಿಂತಿದ್ದೆ. ನನ್ನ ತಲೆಯೊಳಗೆ ಆಗ ಬಂದದ್ದು ಅದೊಂದೇ. ಇವತ್ತಿಗೂ ನೆನೆದರೆ ನನಗೆ ನನ್ನದೇ ಹೆದರಿಕೆ. ಆ ದಿನದಿಂದ ಮನೆಯಲ್ಲಿ ಎಲ್ಲರೂ ನನ್ನನ್ನು ನರ್ಸಮ್ಮ ಎನ್ನತೊಡಗಿದರು. ಅಪ್ಪ ತಮಾಷೆಗೆ ಹೇಳಿದರು, ಚಿನ್ನಿ ಸಿಟ್ಟಿಗೆ ಹೇಳಿದಳು. ಬಂದ ನೆಂಟರು ಮಾತ್ರ ನಿಜಕ್ಕೇ ಹೇಳಿದರು: "ಮುಂದ ಈಕಿನ್ನ ನರ್ಸಿಂಗಿಗೆ ಹಾಕ್ರಿ, ಹೆಂಗೂ ಎಲ್ಲಾ ಕಲ್ತಾಳ."

ಮೇ ತಿಂಗಳಲ್ಲಿ ಸುಧಾಳ ಫಲಿತಾಂಶ ಬಂತು. ಶಾಲೆಗೆ ಎರಡನೆಯವಳು. ಅದೇ ವಾರ ಅವ್ವ ಬಸ್ಸಿನಲ್ಲಿ ನನ್ನ ಕೈ ಹಿಡಿದುಕೊಂಡು, "ಒಂದು ವರ್ಷ ನಿನ್ನದು ನನ್ನ ಹಿಂದ ಹೋತು. ಈ ಸಲ ಕಾಲೇಜಿಗೆ ಅರ್ಜಿ ಕೊಡು. ಸೋಮವಾರ ಹೋಗಿ ಬಾ. ಸುಧಾ ಅದಾಳ, ನೋಡ್ಕೋತಾಳ" ಎಂದಳು. ನನಗೆ ಅಳು ಬಂತು. ನಾನು ಕಿಟಕಿಯಾಚೆ ನೋಡಿದೆ.

ಸೋಮವಾರ ಹೋದೆ. ಹೊರಡುವ ಮೊದಲು ಸುಧಾಳಿಗೆ ಬಾಟಲಿ ತೋರಿಸಿ, ಗೆರೆ ತೋರಿಸಿ, ಎಷ್ಟು ಗಂಟೆಗೆ ಎಷ್ಟು ಎಂದು ಚೀಟಿಯಲ್ಲಿ ಬರೆದುಕೊಟ್ಟೆ. ಕಾಲೇಜಿನಲ್ಲಿ ಸಾಲು ಉದ್ದವಿತ್ತು. ಸಾಲಿನಲ್ಲಿ ನಿಂತಿದ್ದಾಗ ಒಂದು ವರ್ಷದಲ್ಲಿ ಮೊದಲ ಸಲ ನಾನು ಗಡಿಯಾರ ನೋಡಲಿಲ್ಲ. ಅರ್ಜಿ ಕೊಟ್ಟು, ಕ್ಯಾಂಟೀನಿನಲ್ಲಿ ಕೂತು ದೋಸೆ ತಿಂದೆ. ಸಂಜೆ ಮನೆಗೆ ಬಂದಾಗ ಅವ್ವ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. ಬಾಟಲಿಯಲ್ಲಿ ನೀರು ಸಂಜೆಯ ಗೆರೆಗಿಂತ ಮೇಲೆಯೇ ಇತ್ತು. ನನಗೆ ಖುಷಿಯಾಯಿತು.

ಮರುದಿನ ಮುಂಜಾನೆ ಅವ್ವನಿಗೆ ಉಸಿರು ಎಳೆಯಲು ಆಗುತ್ತಿರಲಿಲ್ಲ. ನಾಡಿ ಹಿಡಿದರೆ ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವೆ ಭಯವಾಗುವಷ್ಟು ಹೊತ್ತು. ಅಪ್ಪ ನೆರೆಮನೆಯ ಓಮ್ನಿ ತರಿಸಿದರು. ನಾಲ್ವರೂ ಹೊರಟೆವು. ಚಿನ್ನಿಯನ್ನು ಪಕ್ಕದ ಮನೆಯಲ್ಲಿ ಬಿಟ್ಟೆವು. ದಾರಿಯುದ್ದಕ್ಕೂ ಸುಧಾ ಬಾಯಿ ಬಿಡಲಿಲ್ಲ. ಆಸ್ಪತ್ರೆಯಲ್ಲಿ ಸ್ಟ್ರೆಚರ್ ಒಳಗೆ ಹೋದ ಮೇಲೆ ನನ್ನ ತೋಳು ಹಿಡಿದು, "ಅಕ್ಕಾ, ನಿನ್ನೆ ಕಾಯಿ ಕೀಳೋರು ಬಂದಿದ್ರು. ಅವ್ವ ಎಳನೀರು ಬೇಕಂದಳು. ಕೊಟ್ಟೆ. ಎರಡು" ಎಂದಳು. ಅವಳ ತುಟಿ ಬೆಳ್ಳಗಾಗಿತ್ತು. ಹದಿನಾರು ವರ್ಷದವಳು. ಬೇಡ ಎನ್ನುವುದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ. ಅದು ನನ್ನ ಪಾಲಿನ ಕೆಲಸವಾಗಿತ್ತು.

ಅಷ್ಟರಲ್ಲಿ ಐರಿನ್ ಸಿಸ್ಟರ್ ಹೊರಗೆ ಬಂದು, "ನಿನ್ನೆ ಏನಾದ್ರೂ ಕೊಟ್ರಾ? ಬೇಗ ಹೇಳಿ" ಎಂದರು.

"ಎಳನೀರು ಸಿಸ್ಟರ್. ಎರಡು. ನಾನೇ ಕೊಟ್ಟೆ" ಎಂದೆ.

ಯೋಚಿಸಿ ಹೇಳಿದ್ದಲ್ಲ. ಮನೆಯಲ್ಲಿ ಹಾಲು ಉಕ್ಕಿದಾಗ ಬರುತ್ತಿದ್ದ ಹಾಗೆಯೇ ಬಾಯಿಗೆ ಬಂತು. ಸಿಸ್ಟರ್ ಒಂದು ಕ್ಷಣ ನನ್ನ ಮುಖ ನೋಡಿ, "ನೀನಾ?" ಎಂದರು. ಆಮೇಲೆ ಒಳಗೆ ಓಡಿದರು. ತಿರುಗಿ ನೋಡಿದರೆ ಅಪ್ಪ ನನ್ನ ಹಿಂದೆಯೇ ನಿಂತಿದ್ದರು. ಅವರು ಏನೂ ಅನ್ನಲಿಲ್ಲ.

ಊಟದ ಹೊತ್ತಿಗೆ ಮೊದಲೇ ಅವ್ವ ಹೋದಳು. ಎಳನೀರೇ ಕಾರಣವೇ ಎಂದು ಇವತ್ತು ನನ್ನನ್ನು ಕೇಳಿದರೆ ಹಾಗೆಂದು ಯಾರೂ ಖಚಿತವಾಗಿ ಹೇಳಲಾರರು ಎನ್ನುತ್ತೇನೆ. ಅವಳ ಎದೆ ಮೊದಲೇ ಸೋತಿತ್ತು. ಎಳನೀರಿಲ್ಲದೆಯೂ ಹೀಗೆ ಹೋದವರನ್ನು ಆಮೇಲೆ ನೋಡಿದ್ದೇನೆ. ಆಗ ಮಾತ್ರ ನಮಗೆ ಯಾರಿಗೂ ಅದರಲ್ಲಿ ಅನುಮಾನವಿರಲಿಲ್ಲ.

ಹನ್ನೊಂದು ದಿನ ಮನೆಗೆ ಬಂದವರೆಲ್ಲ ನನ್ನ ಬೆನ್ನು ಸವರಿದರು. "ತಾಯಿ ಕೇಳಿದ್ಲು, ಮಗಳು ಕೊಟ್ಲು. ಅದರಾಗ ಏನ್ ತಪ್ಪೈತಿ" ಎಂದರು. ಅಪ್ಪ ನನ್ನ ಜೊತೆ ಮಾತು ಬಿಟ್ಟರು. ಊಟಕ್ಕೆ ಕರೆದರೆ ನಾನು ಬಡಿಸಿ ಒಳಗೆ ಹೋಗುವವರೆಗೆ ಕಾಯುತ್ತಿದ್ದರು. ಸುಧಾ ಅಡಿಗೆ ಮನೆಯ ಮೂಲೆಯಲ್ಲಿ ಕೂತಿರುತ್ತಿದ್ದಳು. ಒಂದು ದಿನವೂ ಅಳಲಿಲ್ಲ. ಅವಳು ಸತ್ಯ ಹೇಳಿಬಿಟ್ಟಾಳು ಎಂದು ನನಗೆ ಹೆದರಿಕೆ. ಹೇಳಲಿಲ್ಲವಲ್ಲ ಎಂದು ಒಳಗೊಳಗೇ ಸಿಟ್ಟು. ಎರಡೂ ಒಟ್ಟಿಗೆ ಇದ್ದವು.

ಕಾರ್ಯವೆಲ್ಲ ಮುಗಿದ ಮೇಲೆ, ಮೊದಲ ಮಳೆ ಬಿದ್ದ ವಾರ, ಅಪ್ಪ ಹುಬ್ಬಳ್ಳಿಗೆ ಹೋಗಿ ನರ್ಸಿಂಗ್ ಶಾಲೆಯ ಅರ್ಜಿ ತಂದು ನನ್ನ ಮುಂದಿಟ್ಟರು. "ತಿಳೀದ ಮಾಡಿದಿ. ಹೋಗಿ ತಿಳ್ಕೋ" ಎಂದರು. ಅಷ್ಟು ದಿನಗಳಲ್ಲಿ ನನ್ನೊಡನೆ ಆಡಿದ ಮೊದಲ ಮಾತು ಅದು.

ತಿಳಿಯದೆ! ಆ ಮನೆಯಲ್ಲಿ ತಿಳಿದವಳು ನಾನೊಬ್ಬಳೇ. ಇಲ್ಲ ಎನ್ನಬೇಕಾದರೆ ಸುಧಾಳ ಹೆಸರು ಹೇಳಬೇಕಿತ್ತು. ಬಿ.ಎ. ಅರ್ಜಿ ಕೊಟ್ಟು ಬಂದಿದ್ದೇನೆ ಎನ್ನಬೇಕಾದರೆ ಆ ಸೋಮವಾರ ನಾನು ಮನೆಯಲ್ಲಿರಲಿಲ್ಲ ಎಂಬುದೂ ಬರುತ್ತಿತ್ತು. ಅಪ್ಪನಿಗೆ ಅದು ಹೊಳೆಯಲಿಲ್ಲವೇ ಎಂದು ನಾನು ಆಗ ಯೋಚಿಸಲೂ ಇಲ್ಲ. ಸಹಿ ಹಾಕಿದೆ.

ನರ್ಸಿಂಗ್ ಶಾಲೆಯ ಮೊದಲ ದಿನ ಮೇಡಂ ಒಬ್ಬೊಬ್ಬರನ್ನೇ ಎಬ್ಬಿಸಿ ಯಾಕೆ ಬಂದಿರಿ ಎಂದು ಕೇಳಿದರು. ಸೇವೆ ಮಾಡಲು ಎಂದು ಕೆಲವರು, ನೌಕರಿ ಬೇಗ ಸಿಗುತ್ತದೆ ಎಂದು ಕೆಲವರು. ನನ್ನ ಸರದಿ ಬಂದಾಗ "ಮನೆಯಲ್ಲಿ ನಾನೇ ದೊಡ್ಡವಳು ಮೇಡಂ" ಎಂದೆ. ಹುಡುಗಿಯರು ನಕ್ಕರು. ಆದರೆ ನನ್ನ ಕೋಣೆಯ ನಾಲ್ವರಲ್ಲಿ ಮೂವರು ಮನೆಗೆ ಹಿರಿಯರೇ. ಒಬ್ಬಳು ಕುಡಿಯುವ ಅಪ್ಪನನ್ನು, ಇನ್ನೊಬ್ಬಳು ಮಾತು ಬಾರದ ತಮ್ಮನನ್ನು ನೋಡಿಕೊಂಡು ಬೆಳೆದವರು. ನಮಗೆ ಸಮವಸ್ತ್ರ ಕೊಟ್ಟದ್ದಷ್ಟೇ ಹೊಸದು.

ನಾನು ಕೆಟ್ಟ ನರ್ಸ್ ಅಲ್ಲ. ರೋಗಿಗಳು ನನ್ನನ್ನು ಕೇಳಿಕೊಂಡು ಬರುತ್ತಾರೆ. ಸ್ವಲ್ಪ ಗಡುಸು ಎಂದೂ ಹೇಳುತ್ತಾರೆ. ಸುಧಾ ಶಿಕ್ಷಕಿಯಾಗಿ, ಮದುವೆಯಾಗಿ ಸಿದ್ದಾಪುರಕ್ಕೆ ಹೋದಳು. ಹಬ್ಬಕ್ಕೆ ಫೋನು, ಮಗಳು ಹುಟ್ಟಿದಾಗ ಒಂದು ಫೋಟೋ. ಎದುರು ಬದುರು ಕೂತರೆ ಐದು ನಿಮಿಷಕ್ಕೆ ಏನೋ ಕೆಲಸ ನೆನಪಾಗಿ ಎದ್ದು ಹೋಗುತ್ತಿದ್ದಳು. ಚಿನ್ನಿ ಈಗ ತೋಟಗಾರಿಕೆ ಓದುತ್ತಿದ್ದಾಳೆ. ಏನು ಓದಬೇಕೆಂದು ಅವಳಿಗೆ ಯಾರೂ ಹೇಳಲಿಲ್ಲ. ನಾನೂ ಹೇಳಲಿಲ್ಲ.

ತರಬೇತಿಯ ಎರಡನೇ ವಾರ, ಒಂದು ಗುರುವಾರ, ಅಪ್ಪ ಆಸ್ಪತ್ರೆಗೆ ಬಂದರು. ಪೇಟೆಗೆ ಬಂದಿದ್ದೆ, ನೋಡಿಕೊಂಡು ಹೋಗೋಣ ಎನಿಸಿತು ಎಂದರು. ವಿಭಾಗದ ಬಾಗಿಲು ತೆರೆದಿತ್ತು. ಒಳಗೆ ಯಂತ್ರಗಳ ಸಾಲು, ಮಲಗಿದವರು, ಪ್ರತಿಯೊಬ್ಬರ ಪಕ್ಕದಲ್ಲೂ ಒಂದು ಸ್ಟೂಲು. ಅಪ್ಪ ಒಳಗೆ ಕಾಲಿಡದೆ ಹೊರಗಿನ ಬೆಂಚಿನ ಮೇಲೆ ಕೂತುಬಿಟ್ಟರು. ಊಟದ ಬಿಡುವಿನಲ್ಲಿ ನಾನೂ ಪಕ್ಕದಲ್ಲಿ ಕೂತೆ. ಅವರು ಬಹಳ ಹೊತ್ತು ಟವೆಲಿನಿಂದ ಮುಖ ಒರೆಸಿಕೊಂಡರು.

"ಗಿರಿಜಾ" ಎಂದರು.

ಅವರ ಬಾಯಲ್ಲಿ ಆ ಹೆಸರು ಕೇಳಿ ನನಗೆ ಯಾರನ್ನೋ ಕರೆದ ಹಾಗಾಯಿತು.

"ಎಳನೀರು ನೀ ಕೊಟ್ಟಿದ್ದಲ್ಲ. ನನಗ ಗೊತ್ತಿತ್ತು."

ನಾನು ಅವರ ಕಡೆ ತಿರುಗಿದೆ.

"ಆವತ್ತು ಸಂಜೀಕ ಗದ್ದಿಯಿಂದ ಬಂದಾಗ ನಿಮ್ಮವ್ವನs ಹೇಳಿದ್ಲು. ಸುಧಾ ಎಳನೀರು ಕೊಟ್ಲು, ಒಂದು ವರ್ಷದ ಮ್ಯಾಲ ಇವತ್ತು ಹೊಟ್ಟಿ ತುಂಬ ಕುಡದೆ ಅಂತ. ಮಕ್ಕಳಂಗ ನಗತಿದ್ಲು. ಮತ್ತ, ದೊಡ್ಡಾಕಿಗೆ ಹೇಳಬ್ಯಾಡ್ರಿ, ಬೈತಾಳ ಅಂದ್ಲು. ನಾ ಹೇಳಲಿಲ್ಲ."

ಒಳಗೆ ಯಾವುದೋ ಯಂತ್ರ ಬೀಪ್ ಎನ್ನತೊಡಗಿತು. ಯಾರೋ ಹೋಗಿ ನಿಲ್ಲಿಸಿದರು.

"ಹೇಳಿದ್ರ ನೀ ಅವಾಗs ಆಸ್ಪತ್ರಿಗೆ ಕರಕೊಂಡು ಹೋಗತಿದ್ದಿ. ನನಗ ಗೊತ್ತು. ಮರುದಿನ ಸಿಸ್ಟರ್ ಮುಂದ ನೀ 'ನಾನೇ ಕೊಟ್ಟೆ' ಅಂದಾಗ ನನಗ ಬಾಯಿ ಬರಲಿಲ್ಲ. ಸುಧಾನ ಹೆಸರು ಹೇಳಿದ್ರ ನಂದೂ ಹೇಳಬೇಕಾಗತಿತ್ತು. ಆಮ್ಯಾಲ ನೀ ದಿನಾ ತಾಟು ಇಟ್ಟು ಎದುರಿಗೆ ನಿಂತ್ರ ನನಗ ತುತ್ತು ಇಳೀತಿದ್ದಿಲ್ಲ. ಎಲ್ಲಿಗಾದ್ರೂ ಕಳಿಸಬೇಕಿತ್ತು. ಎಲ್ಲಾರೂ ನರ್ಸಮ್ಮ ಅಂತಿದ್ರಲ್ಲ, ಅದಕ್ಕs..."

ನನಗೆ ಒಮ್ಮೆಲೇ ಬಂದದ್ದು ಅಳುವಲ್ಲ, ಸಿಟ್ಟು. ಇಷ್ಟು ವರ್ಷ ಶಿಕ್ಷೆ ಎಂದುಕೊಂಡು ಮಾಡಿದ್ದು ಅಪ್ಪನಿಗೆ ಊಟ ಇಳಿಯಲಿ ಎಂದಾಗಿತ್ತೇ?

"ಸುಧಾಗ ಯಾಕ ಹೇಳಲಿಲ್ಲ? ನನಗಾದ್ರೂ?" ಎಂದೆ.

"ಆಕಿ ತಡಕೊಳ್ಳಂಗಿಲ್ಲ ಅಂತ. ನೀ ತಡಕೋತಿ ಅಂತ" ಎಂದರು ಅಪ್ಪ. ಹೇಳಿದ ಮೇಲೆ ಆ ಮಾತು ಅವರಿಗೇ ಕೇಳಿಸಿತೇನೋ, ಟವೆಲನ್ನು ಬಾಯಿಗೆ ಒತ್ತಿಕೊಂಡರು. ಅಪ್ಪ ಅತ್ತದ್ದನ್ನು ನಾನು ಮೊದಲು ನೋಡಿದ್ದು ಆಗ. ಸಮಾಧಾನ ಮಾಡಲು ನನ್ನ ಕೈ ತಾನಾಗಿ ಎದ್ದಿತು. ಅದನ್ನು ತಡೆದು ತೊಡೆಯ ಮೇಲಿಟ್ಟುಕೊಂಡೆ. ಬಿಡುವು ಮುಗಿಯುವವರೆಗೂ ಹಾಗೇ ಕೂತಿದ್ದೆ. ಆಮೇಲೆ ಅವರನ್ನು ಬಸ್ಸಿನವರೆಗೆ ಬಿಟ್ಟು ಬಂದೆ. ಕಿಟಕಿಯ ಕಡೆಯೇ ಕೂರಿಸಿದೆ.

ಭಾನುವಾರ ಸಿದ್ದಾಪುರಕ್ಕೆ ಹೋದೆ. ಸುಧಾಳ ಗಂಡ ಮಗಳನ್ನು ಕರೆದುಕೊಂಡು ತಮ್ಮ ಅಕ್ಕನ ಮನೆಗೆ ಹೋಗಿದ್ದರು. ಸುಧಾ ಉತ್ತರಪತ್ರಿಕೆಗಳನ್ನು ಹರಡಿಕೊಂಡು ಕೂತಿದ್ದವಳು ನನ್ನನ್ನು ಕಂಡು, "ಹೇಳದs ಕೇಳದs ಬಂದಿ?" ಎಂದು ಚಹಾ ಇಡಲು ಎದ್ದಳು. "ಕೂಡು" ಎಂದೆ. ಅಪ್ಪ ಹೇಳಿದ್ದನ್ನು ಒಂದೂ ಬಿಡದೆ ಹೇಳಿದೆ. ಅವಳಿಗೆ ಹಗುರವಾಗಬಹುದು, ಅಪ್ಪನೂ ಪಾಲುದಾರರೇ ಎಂದು ಗೊತ್ತಾದರೆ ಸಮಾಧಾನವಾಗಬಹುದು ಎಂದುಕೊಂಡಿದ್ದೆ.

ಅವಳು ಕೆಂಪು ಪೆನ್ನಿಗೆ ಮುಚ್ಚಳ ಹಾಕಿ ಬದಿಗಿಟ್ಟಳು.

"ನಾ ನಿನಗ ಹಂಗ ಹೇಳು ಅಂದಿದ್ದಿಲ್ಲಕ್ಕ" ಎಂದಳು.

"ಗೊತ್ತು. ನೀ ಸಣ್ಣಾಕಿ ಇದ್ದಿ."

"ಸಣ್ಣಾಕಿ ಇದ್ದಿಲ್ಲ. ಹದಿನಾರು ವರ್ಷ ಆಗಿತ್ತು. ಸಿಸ್ಟರ್ ಕೇಳಿದಾಗ ನಾ ಹೇಳಾಕ ಬಾಯಿ ತೆಗೆದಿದ್ದೆ. ನೀ ಮುಂದ ಬಂದುಬಿಟ್ಟಿ." ಅವಳ ದನಿ ಏರಲಿಲ್ಲ. ಅದೇ ಕಷ್ಟವಾಯಿತು. "ಬಂದವರೆಲ್ಲ ನಿನ್ನ ಬೆನ್ನು ಸವರಿದ್ರು. ನೀ ಅತ್ತಿ. ನಾ ಹೆಂಗ ಅಳಲಿ? ಅತ್ರ ಯಾಕ ಅಂತ ಕೇಳ್ತಾರ. ಹೇಳಿದ್ರ ನೀ ಸುಳ್ಳಾಕಿ ಆಗ್ತಿ. ಎಲ್ಲಾರೂ ಅಕ್ಕ ಎಷ್ಟು ದೊಡ್ಡಾಕಿ ಅಂತಾರ, ಖರೇ. ಆದ್ರ ನನ್ನ ತಪ್ಪು ನನಗ ಬೇಕಾಗಿತ್ತಕ್ಕ. ಅದನ್ನೂ ನೀನs ತಗೊಂಡು ಹೋದಿ."

ಒಂಬತ್ತು ವರ್ಷ ನಾನು ಅವಳನ್ನು ಕಾಪಾಡಿದ್ದೇನೆ ಎಂದು ತಿಳಿದಿದ್ದೆ. ಅಕ್ಕ ಎಂದರೆ ಹಾಗೆ ಎಂದು ತಿಳಿದಿದ್ದೆ. ಅವಳು ಅಡಿಗೆಮನೆಯ ಮೂಲೆಯಲ್ಲಿ ಕೂತದ್ದು ನನಗೆ ಕಂಡಿತ್ತು. ಅವಳ ಗಂಟಲಲ್ಲಿ ಸಿಕ್ಕಿಕೊಂಡದ್ದು ಕಂಡಿರಲಿಲ್ಲ. ಹೊರಗೆ ರಸ್ತೆಯಲ್ಲಿ ಬಸ್ಸು ಹೋದ ಸದ್ದು ಕೇಳಿತು. ಆಮೇಲೆ ಸುಧಾ ಅತ್ತಳು. ಮುಖ ಮುಚ್ಚಿಕೊಳ್ಳದೆ, ಮೇಜಿನ ಮೇಲೆ ಎರಡೂ ಕೈ ಚಾಚಿ, ದೊಡ್ಡ ದನಿಯಲ್ಲಿ ಅತ್ತಳು. ನಾನು ಅವಳನ್ನು ಸುಮ್ಮನಿರಿಸಲಿಲ್ಲ. ಕಣ್ಣು ಒರೆಸಲೂ ಇಲ್ಲ. ಅವಳದು ಅವಳೇ ಮುಗಿಸಲಿ ಎಂದು ಕೂತಿದ್ದೆ.

ಮುಗಿದ ಮೇಲೆ, "ಅವ್ವ ಹೆಂಗ ಕುಡಿದ್ಲು, ಹೇಳು" ಎಂದೆ. ಅಷ್ಟು ವರ್ಷದಲ್ಲಿ ಅದನ್ನು ಕೇಳಬೇಕೆಂದು ನನಗೆ ಅನಿಸಿರಲೇ ಇಲ್ಲ.

ಸುಧಾ ಮೂಗು ಒರೆಸಿಕೊಂಡು ಹೇಳಿದಳು. ಮೊದಲನೆಯದನ್ನು ಅವ್ವ ಬಾಯಿಂದ ತೆಗೆಯದೆ ಕುಡಿದಳಂತೆ, ಕುತ್ತಿಗೆಯ ಮೇಲೆಲ್ಲ ಇಳಿದು ರವಿಕೆ ತೊಯ್ದಿತಂತೆ. ಎರಡನೆಯದನ್ನು ಜಗಲಿಯ ಮೆಟ್ಟಿಲ ಮೇಲೆ ಕೂತು, ನಿಧಾನ, ಒಂದೊಂದೇ ಗುಟುಕು. ಕಾಯಿ ಒಡೆಸಿ, ಚಿಪ್ಪಿನ ಚೂರಿನಿಂದ ತಾನೇ ಒಳಗಿನ ಎಳೆ ಗಂಜಿ ಎಬ್ಬಿಸಿ, ಚಿನ್ನಿಗಷ್ಟು ಸುಧಾಗಷ್ಟು ಕೊಟ್ಟು, ಸೆರಗಿನಿಂದ ಬಾಯಿ ಒರೆಸಿಕೊಂಡಳಂತೆ.

"ಮತ್ತ?" ಎಂದೆ.

ಸುಧಾ ನನ್ನ ಕಡೆ ನೋಡದೆ, "ದೊಡ್ಡಾಕಿಗೂ ಒಂದು ಕೆತ್ತಿಸಿಡು, ಬಿಸಿಲಾಗ ದಣದು ಬರ್ತಾಳ ಅಂದ್ಲು. ಕೆತ್ತಿಸಿದ್ದೆ. ಆಮ್ಯಾಲ ಹೆದರಿಕೆ ಆತು. ನೀ ನೋಡಿದ್ರ ಎಲ್ಲಾ ಗೊತ್ತಾಗ್ತದ ಅಂತ ಹಿತ್ತಲಕ್ಕ ಒಗದುಬಿಟ್ಟೆ" ಎಂದಳು.

ನಾನು ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡು, ಇನ್ನೊಂದು ಸಲ ಹೇಳು ಎಂದೆ. ಸುಧಾ ಮೊದಲಿನಿಂದ ಹೇಳತೊಡಗಿದಳು.